ಕಲ್ಪಿತ ನಾಡಿನ ಬಟ್ಟೆಗೆ ಮಗ್ಗ ಹುಡುಕಿದ್ದು

ನಾಲ್ಕು ವರ್ಷಗಳಿಂದ ಬಿಡುವಿನ ವೇಳೆಯಲ್ಲಿ ನಾನು ಬರೆದು ಚಿತ್ರಿಸುತ್ತಿರುವ ಚಿತ್ರಕಾದಂಬರಿಯಲ್ಲಿ ಮೂರು ಬಗೆಯ ಜನರಿದ್ದಾರೆ. ಉಪ್ಪುನೀರಿನ ಜೌಗಿನಲ್ಲಿ ಬದುಕುವವರು ಅಳಿವೆಯವರು, ಒಣ ಬಯಲಿನಲ್ಲಿ ಕುರಿ ಮೇಯಿಸುವವರು ಕಲ್ಬಯಲಿನವರು, ಈ ಇಬ್ಬರ ಸರಕನ್ನೂ ಕೊಂಡು ಮಾರುವವರು ಏರುಪಟ್ಟಣದವರು. ಅವರ ಉಡುಪಿನ ಮೊದಲ ಕರಡಿನಲ್ಲಿ ಅಳಿವೆಯವರಿಗೆ ನೀಲಿ, ಬಯಲಿನವರಿಗೆ ಕಂದು, ಪಟ್ಟಣದವರಿಗೆ ಕೆಂಪು ಎಂದು ಬಣ್ಣ ಹಂಚಿ, ನೆಲ ಗುಡಿಸುವಂಥ ಅಗಲವಾದ ಮೇಲಂಗಿಯನ್ನು ಎಲ್ಲರಿಗೂ ತೊಡಿಸಿದ್ದೆ. ಚಿತ್ರಗಳು ಚೆನ್ನಾಗಿಯೇ ಬಂದಿದ್ದವು. ಇಳಕಲ್ಲಿನಲ್ಲಿ ಮಗ್ಗದ ಮುಂದೆಯೇ ತಲೆ ನರೆತ ನನ್ನ ಸೋದರಮಾವ ಅವುಗಳನ್ನು ಬಹಳ ಹೊತ್ತು ನೋಡಿ ಎರಡೇ ಪ್ರಶ್ನೆ ಕೇಳಿದರು: “ಅಳಿಯಾ, ಇಷ್ಟು ಪನ್ನದ ಅರಿವಿ ಯಾವ ಮಗ್ಗದಾಗ ಬರ್ತೈತಿ? ಇಷ್ಟುದ್ದ ಹಾಕ್ಕೊಂಡು ಇವರು ರಾಡ್ಯಾಗ ಹೆಂಗ ಅಡ್ಡಾಡ್ತಾರ?”

ಎರಡಕ್ಕೂ ನನ್ನಲ್ಲಿ ಉತ್ತರವಿರಲಿಲ್ಲ. ಕುಣಿ ಮಗ್ಗದಲ್ಲಿ ಒಬ್ಬನೇ ಕುಳಿತು ಕೈಯಿಂದಲೇ ಲಾಳಿ ಎಸೆಯುವಾಗ ಬಟ್ಟೆಯ ಪನ್ನ, ಅಂದರೆ ಅಗಲ, ಅವನ ತೋಳಿನ ಎಟುಕನ್ನು ಮೀರಲಾರದು. ಹಗ್ಗ ಎಳೆದರೆ ತಾನೇ ಓಡುವ ಲಾಳಿಯನ್ನು ಇಂಗ್ಲೆಂಡಿನ ಜಾನ್ ಕೇ ರೂಪಿಸಿದ್ದು 1733ರಲ್ಲಿ. ಅದಕ್ಕೆ ಮೊದಲು ಅಲ್ಲಿ ಅಗಲವಾದ ಉಣ್ಣೆಬಟ್ಟೆಗೆ ಮಗ್ಗದ ಎರಡು ಬದಿಗೆ ಇಬ್ಬರು ಕುಳಿತು ಲಾಳಿಯನ್ನು ಒಬ್ಬರಿಂದೊಬ್ಬರಿಗೆ ದಾಟಿಸಬೇಕಾಗಿತ್ತು. ನನ್ನ ನಾಡಿನಲ್ಲಿ ಅಂಥ ಲಾಳಿ ಇಲ್ಲ. ಹಾಗಾದರೆ ಜೋಡಣೆಯ ಹೊಲಿಗೆಯಿಲ್ಲದ ಅಗಲ ಬಟ್ಟೆ ಎಂದರೆ ಇಬ್ಬರು ನೇಕಾರರ ಕೂಲಿ ಎಂದಾಯಿತು, ಅದನ್ನು ತೆರಬಲ್ಲವರು ಏರುಪಟ್ಟಣದ ಸಿರಿವಂತರು ಮಾತ್ರ ಎಂದೂ ಆಯಿತು. ಕಿರೀಟ, ಬಂಗಾರದ ಅಂಚು ಎಲ್ಲವನ್ನೂ ಅಳಿಸಿಹಾಕಿದೆ. ಈಗ ಆ ಪಟ್ಟಣದಲ್ಲಿ ಒಬ್ಬರ ಅಂತಸ್ತು ತಿಳಿಯಬೇಕಾದರೆ ಬೆನ್ನ ನಡುವೆ ಹೊಲಿಗೆಯ ಗೆರೆ ಇದೆಯೇ ಇಲ್ಲವೇ ಎಂದು ನೋಡಿದರೆ ಸಾಕು.

ಕಲ್ಬಯಲಿನವರ ವಿಷಯದಲ್ಲಿ ನಾನು ಹೆಚ್ಚು ಎಡವಿದೆ. ಕುರುಬರು ನೇಯುವ ಕರಿ ಕಂಬಳಿಯನ್ನು ಚಿಕ್ಕಂದಿನಿಂದ ಹೊದ್ದವನು ನಾನು. ಅದರ ಕಪ್ಪು ಕುರಿಯದೇ ಕಪ್ಪು. ನೇಯ್ದ ಮೇಲೆ ಹುಣಸೆ ಬೀಜದ ಗಂಜಿ ಹಚ್ಚಿ ಗಡುಸು ಮಾಡುತ್ತಾರೆ. ಕರಿ ಉಣ್ಣೆಗೆ ಬೇರೆ ಬಣ್ಣ ಏರುವುದಿಲ್ಲ, ಒಣ ಬಯಲಿನಲ್ಲಿ ಬಣ್ಣ ಕುದಿಸಲು ನೀರು ಸೌದೆಗಳೂ ಸಾಲುವುದಿಲ್ಲ. ಆದ್ದರಿಂದ ಅವರ ಸಿಂಗಾರವೆಲ್ಲ ಸೂಜಿಯಲ್ಲಿರಲಿ ಎಂದು ನಿರ್ಧರಿಸಿ, ಧಾರವಾಡದ ಕಡೆಯ ಕಸೂತಿಯ ಗವಂತಿ ಹೊಲಿಗೆಯನ್ನು ಕಂಬಳಿಯ ತುಂಡೊಂದರ ಮೇಲೆ ಹಾಕಲು ಕುಳಿತೆ. ಗವಂತಿಯಲ್ಲಿ ಬಟ್ಟೆಯ ಎಳೆ ಎಣಿಸಿಯೇ ಸೂಜಿ ಇಳಿಸಬೇಕು, ಗಂಟು ಹಾಕುವಂತಿಲ್ಲ, ಮುಂದೂ ಹಿಂದೂ ಒಂದೇ ಚಿತ್ತಾರ ಮೂಡಬೇಕು. ಮುದ್ದೆಗಟ್ಟಿದ ಉಣ್ಣೆಯಲ್ಲಿ ಎಳೆ ಎಣಿಸುವುದೆಲ್ಲಿ ಬಂತು! ಒಂದು ಸಂಜೆಯೆಲ್ಲ ಹೆಣಗಿ ಎರಡು ಸೂಜಿ ಮುರಿದುಕೊಂಡ ಮೇಲೆ, ಹೊಲಿಗೆಯನ್ನು ಕಂಬಳಿಯಿಂದ ತೆಗೆದು ಅದರ ಅಂಚಿಗೆ ಹಚ್ಚುವ ಹತ್ತಿಯ ಪಟ್ಟಿಗೆ ವರ್ಗಾಯಿಸಿದೆ. ಆದರೆ ಬಯಲಿನಲ್ಲಿ ಹತ್ತಿ ಬೆಳೆಯುವುದಿಲ್ಲ; ಕುರಿ ಮಾರಿಯೇ ಪಟ್ಟಣದಿಂದ ತರಬೇಕು. ಹೀಗೆ ಪಟ್ಟಿಯ ಅಗಲ ನೋಡಿ ಆ ಮನೆಯವರು ಎಷ್ಟು ಕುರಿ ಮಾರಿದ್ದಾರೆಂದು ಹೇಳಬಹುದು ಎಂಬ ಸಂಗತಿ ನಾನು ಯೋಚಿಸದೆಯೇ ಕತೆಗೆ ಬಂದು ಸೇರಿತು.

ಹೊಲಿಗೆಯ ವಿಧಾನವನ್ನು ಎರವಲು ತಂದೆನೇ ಹೊರತು ಕಸೂತಿಯ ಗೋಪುರ, ತುಳಸಿಕಟ್ಟೆಗಳನ್ನು ತರಲಿಲ್ಲ. ಅವುಗಳ ಜಾಗದಲ್ಲಿ ಕುರಿಯ ಕಿವಿಗೆ ಹಾಕುವ ಗುರುತುಗಳನ್ನು ಚಿತ್ತಾರವಾಗಿಸಿದೆ. ಈ ಎಚ್ಚರ ಮೊದಲು ನನಗಿರಲಿಲ್ಲ. ಹಿಂದಿನ ಒಂದು ಕರಡಿನಲ್ಲಿ ಬಯಲಿನ ಹಿರಿಯರಿಗೆ ಕೆಂಪು ಕಪ್ಪು ಪಟ್ಟೆಗಳ ಬಿಳಿ ಹೊದಿಕೆ ಹೊದಿಸಿದ್ದೆ. ಅದು ನೀಲಗಿರಿಯ ತೋಡರ ಪುತುಕುಳಿಯ ಅಚ್ಚು ನಕಲಾಗಿತ್ತು. ತೋಡರು ತೀರಿಕೊಂಡವರನ್ನೂ ಆ ಹೊದಿಕೆಯಲ್ಲೇ ಸುತ್ತಿ ಕಳಿಸುತ್ತಾರೆ. ಅಂಥದ್ದನ್ನು ಎತ್ತಿ ತಂದು ಕುರಿಗಾಹಿಗಳ ಜಗಳದ ದೃಶ್ಯದಲ್ಲಿ ಬಳಸುವುದು ಸರಿಯೆನಿಸದೆ ಹದಿನಾಲ್ಕು ಪುಟಗಳನ್ನು ಹೊಸದಾಗಿ ಬರೆದೆ.

ಬಣ್ಣವನ್ನು ಕೈಯಾರೆ ಕಾಸಿ ನೋಡದೆ ಚಿತ್ರಕ್ಕೆ ಬಳಿಯಬಾರದೆಂಬುದು ಅಷ್ಟರಲ್ಲಿ ನನ್ನ ಹಟವಾಗಿತ್ತು. ತುಕ್ಕು ಹಿಡಿದ ಮೊಳೆಗಳನ್ನು ಬೆಲ್ಲದ ನೀರಿನಲ್ಲಿ ಹುಳಿಯಿಟ್ಟು ಬಟ್ಟೆ ಅದ್ದಿದಾಗ ಮೊದಲ ಸಲ ಬಂದದ್ದು ಕಪ್ಪಲ್ಲ, ಮಾಸಲು ಮಣ್ಣಿನ ಬಣ್ಣ. ಬಟ್ಟೆಯನ್ನು ಮೊದಲು ಅಳಲೆಕಾಯಿಯ ನೀರಿನಲ್ಲಿ ನೆನೆಸಿ ಒಣಗಿಸಬೇಕಿತ್ತು. ಕಾಯಿಯ ಒಗರು ಕಬ್ಬಿಣದೊಡನೆ ಕೂಡಿದರಷ್ಟೇ ಕಪ್ಪು ಕುದುರುತ್ತದೆ. ಅಳಿವೆಯವರಿಗೆ ನೀಲಿಯ ಬದಲು ಆರಿಸಿಕೊಂಡ ನೇರಳೆಯನ್ನು ಮಾತ್ರ ಪುಸ್ತಕದಿಂದಲೇ ತಿಳಿದೆ. ಕಡಲ ಬಸವನಹುಳುವಿನಿಂದ ತೆಗೆಯುವ ಆ ಬಣ್ಣವನ್ನು 1909ರಲ್ಲಿ ಪಾಲ್ ಫ್ರೀಡ್‌ಲ್ಯಾಂಡರ್ ಎಂಬ ರಸಾಯನಶಾಸ್ತ್ರಜ್ಞರು ಪರೀಕ್ಷೆಗೆಂದು ಬೇರ್ಪಡಿಸಿದಾಗ 12,000 ಹುಳುಗಳಿಂದ ಸಿಕ್ಕಿದ್ದು 1.4 ಗ್ರಾಂ. ಅಷ್ಟು ದುಬಾರಿ ಬಣ್ಣವನ್ನು ತೆಗೆಯುವವರು ತಾವೇ ಉಟ್ಟಾರೆಯೇ? ಅಳಿವೆಯವರ ಮೈಮೇಲೆ ಈಗ ಮೊಣಕಾಲಿನ ಮೇಲಕ್ಕೆ ನಿಲ್ಲುವ ಬಣ್ಣವಿಲ್ಲದ ತುಂಡುಬಟ್ಟೆಯಷ್ಟೇ ಇದೆ, ನೇರಳೆ ಇರುವುದು ಅವರ ಉಗುರಿನ ಸಂದಿಯಲ್ಲಿ ಮಾತ್ರ. ತಲೆಮರೆಸಿಕೊಂಡ ನಾಯಕಿಯನ್ನು ಪಟ್ಟಣದ ಕಾವಲಿನವನು ಗುರುತಿಸುವುದೂ ಆ ಉಗುರಿನಿಂದಲೇ.

ಉಡುವ ರೀತಿಗೆ ಜನ ತಾವೇ ಹೇಳಿಕೊಳ್ಳುವ ಕಾರಣವೂ ಇರಬೇಕು. ಕೊಡವ ಹೆಂಗಸರ ಸೀರೆಯ ನೆರಿಗೆ ಬೆನ್ನ ಕಡೆಗೆ ಹೋದದ್ದು ಬಲಮುರಿಯಲ್ಲಿ ಕಾವೇರಿ ನುಗ್ಗಿ ಹರಿದ ರಭಸಕ್ಕೆ ಎಂಬ ಕತೆ ಅಲ್ಲಿದೆ. ನನ್ನ ಮೂರು ಜನರಿಗೂ ಅಂಥ ಒಂದೊಂದು ಕತೆ ಕಟ್ಟಿದೆ, ಅವುಗಳಲ್ಲಿ ಅಳಿವೆಯವರದು ಮಾತ್ರ ನನಗೆ ಹಿಡಿಸಿದೆ.

ಈಗ ಮಳೆಗಾಲದ ಅಧ್ಯಾಯ ನಡೆಯುತ್ತಿದೆ. ಕುರಿಗಾಹಿ ಹುಡುಗ ಕಂಬಳಿ ಕೊಪ್ಪೆ ಹಾಕಿಕೊಂಡು ರಾತ್ರಿಯಿಡೀ ಓಡಿ ತಪ್ಪಿಸಿಕೊಳ್ಳುತ್ತಾನೆ ಎಂದು ಬರೆದಿದ್ದೆ. ಕಳೆದ ವಾರ ಮನೆಯ ಹಳೆಯ ಕಂಬಳಿಯನ್ನು ಒಂದು ರಾತ್ರಿ ಮಳೆಗೆ ಬಿಟ್ಟು ಬೆಳಿಗ್ಗೆ ತೂಗಿದೆ: ಎರಡು ಕಿಲೋ ಇದ್ದದ್ದು ಐದರ ಹತ್ತಿರ ಬಂದಿತ್ತು. ಅದನ್ನು ಹೆಗಲಿಗೆ ಹಾಕಿಕೊಂಡು ಅಂಗಳ ಸುತ್ತಿದವನು ನಾಲ್ಕನೆಯ ಸುತ್ತಿಗೇ ನಿಂತೆ. ಹುಡುಗ ಹಳ್ಳದ ದಡದಲ್ಲಿ ಕಂಬಳಿ ಬಿಸಾಡಲೇಬೇಕು. ಅಟ್ಟಿಸಿಕೊಂಡು ಬಂದವರಿಗೆ ಅದರ ಅಂಚಿನ ಪಟ್ಟಿಯಿಂದ ಅವನು ಯಾರ ಮನೆಯವನೆಂದು ಗೊತ್ತಾಗುತ್ತದೆ.