ಹೊಸ ಪೈಥಾನ್ ಹಾಕಿದ ಮೇಲೆ ಪ್ಯಾಕೇಜ್ ಬಿಲ್ಡ್ ಆಗದಿದ್ದರೆ

ಹಿಂದಿನ ತಂಡ ಬಿಟ್ಟುಹೋದ ಪ್ರಾಜೆಕ್ಟನ್ನು ಹೊಸ ಲ್ಯಾಪ್‌ಟಾಪ್‌ನಲ್ಲಿ ಓಡಿಸಲು ಹೊರಟ ಸುರತ್ಕಲ್ಲಿನ ಅಥವಾ ಮಣಿಪಾಲದ ವಿದ್ಯಾರ್ಥಿಗೆ ಹಲವು ಬಾರಿ ಮೊದಲು ಎದುರಾಗುವುದು ಪರದೆಯ ತುಂಬ ಹರಿಯುವ ದೋಷಸಂದೇಶ. ಕೋಡ್‌ನಲ್ಲಿ ಒಂದಕ್ಷರವೂ ಬದಲಾಗಿರುವುದಿಲ್ಲ, ಬದಲಾಗಿರುವುದು ಪೈಥಾನ್ ಆವೃತ್ತಿ. 2020ರ 3.9ರಿಂದೀಚೆಗೆ ಪ್ರತಿ ಅಕ್ಟೋಬರ್‌ನಲ್ಲಿ ಹೊಸ ಆವೃತ್ತಿ ಬರುತ್ತಿದೆ. 2024ರಲ್ಲಂತೂ ಕುದ್ರೋಳಿಯಲ್ಲಿ ನವರಾತ್ರಿ ನಡೆಯುತ್ತಿದ್ದ ವಾರದಲ್ಲೇ 3.13 ಬಿಡುಗಡೆಯಾಯಿತು.

ಸಂದೇಶದ ಕೊನೆಯ ಸಾಲನ್ನು ನೆಚ್ಚಬೇಡಿ. ಪಿಪ್ (ಪೈಥಾನಿಗೆ ಬೇಕಾದ ಸಿದ್ಧ ಕೋಡ್ ಕಟ್ಟುಗಳನ್ನು, ಅಂದರೆ ಪ್ಯಾಕೇಜುಗಳನ್ನು, ತಂದು ಹಾಕುವ ಸಾಧನ) ಅಲ್ಲಿ ಹೇಳುವುದು ತಪ್ಪು ತನ್ನದಲ್ಲ ಎಂದಷ್ಟೇ. ಮೇಲಕ್ಕೆ ಸರಿಸುತ್ತಾ ಹೋಗಿ, 'ಎರರ್' ಎಂಬ ಪದ ಮೊದಲ ಬಾರಿಗೆ ಕಾಣಿಸಿಕೊಂಡ ಸಾಲನ್ನೂ ಯಾವ ಪ್ಯಾಕೇಜಿನ ಯಾವ ಆವೃತ್ತಿ ಎಂಬುದನ್ನೂ ಬರೆದಿಟ್ಟುಕೊಳ್ಳಿ.

ಆಮೇಲೆ, ಪಿಪ್ ಏನನ್ನು ಡೌನ್‌ಲೋಡ್ ಮಾಡಿತೆಂದು ನೋಡಿ. ಕಡತದ ಹೆಸರು '.whl' ಎಂದು ಕೊನೆಗೊಂಡಿದ್ದರೆ ಅದು ವ್ಹೀಲ್, ಅಂದರೆ ಅಂಗಡಿಯಿಂದ ತಂದ ದೋಸೆಹಿಟ್ಟು, '.tar.gz' ಎಂದಿದ್ದರೆ ಮೂಲ ಕೋಡ್, ಮನೆಯಲ್ಲೇ ರುಬ್ಬಬೇಕಾದ ಅಕ್ಕಿ. ಲೆಕ್ಕಾಚಾರಕ್ಕೆ ಬಳಸುವ ನಂಪೈಯಂಥ (NumPy) ಪ್ಯಾಕೇಜಿನಲ್ಲಿ ಸಿ ಭಾಷೆಯ ಭಾಗಗಳಿರುವುದರಿಂದ ಪ್ರತಿ ಪೈಥಾನ್ ಆವೃತ್ತಿಗೂ ಬೇರೆ ವ್ಹೀಲ್ ಬೇಕು. ಅದು ಸಿಗದಿದ್ದಾಗ ಪಿಪ್ ಮೂಲ ಕೋಡನ್ನು ಇಳಿಸಿ ನಿಮ್ಮ ಯಂತ್ರದಲ್ಲೇ ಬಿಲ್ಡ್ ಮಾಡಲು, ಅಂದರೆ ಓಡುವ ರೂಪಕ್ಕೆ ತರಲು, ಹೊರಡುತ್ತದೆ.

ಸರಿಯಾಗಿ ಅರ್ಥಮಾಡಿಕೊಳ್ಳಬೇಕಾದದ್ದು 3.12ರ ಸಂಗತಿ. 2023ರ ಅಕ್ಟೋಬರ್‌ನಲ್ಲಿ ಬಂದ ಆ ಆವೃತ್ತಿಯಲ್ಲಿ, ದಶಕಗಳಿಂದ ಬಿಲ್ಡ್ ಕೆಲಸವನ್ನು ಹೊತ್ತಿದ್ದ 'ಡಿಸ್ಟ್‌ಯುಟಿಲ್ಸ್' ಮಾಡ್ಯೂಲನ್ನು ತೆಗೆದುಹಾಕಲಾಯಿತು. ಹೊಸ ವರ್ಚುವಲ್ ಎನ್ವಿರಾನ್ಮೆಂಟ್‌ನಲ್ಲಿ (ಒಂದು ಪ್ರಾಜೆಕ್ಟಿಗೆಂದೇ ಪ್ರತ್ಯೇಕವಾಗಿ ರಚಿಸುವ ಪೈಥಾನ್ ಪರಿಸರ) ಡಿಸ್ಟ್‌ಯುಟಿಲ್ಸ್‌ನ ಜಾಗ ತುಂಬುವ 'ಸೆಟಪ್‌ಟೂಲ್ಸ್' ತಾನಾಗಿ ಬರುವುದೂ ನಿಂತಿತು. ಹಾಗಾಗಿ ಸೆಟಪ್‌ಟೂಲ್ಸ್ ಹಾಕಿಕೊಳ್ಳಿ ಎಂಬ ಸಲಹೆ ಎಲ್ಲೆಡೆ ಸಿಗುತ್ತದೆ. ಪ್ಯಾಕೇಜ್ ಓಡುವಾಗ ಡಿಸ್ಟ್‌ಯುಟಿಲ್ಸ್ ಕೇಳಿದರೆ ಈ ಸಲಹೆ ಉಪಯೋಗಕ್ಕೆ ಬರುತ್ತದೆ. ಆದರೆ ನಂಪೈ 1.24ರಂಥ ಹಳೆಯ ಪ್ಯಾಕೇಜ್ ಬಿಲ್ಡ್ ಆಗುವಾಗ ಪಿಪ್ ಪ್ರತ್ಯೇಕ ತಾತ್ಕಾಲಿಕ ಪರಿಸರವೊಂದನ್ನು ಕಟ್ಟಿ, ಪ್ಯಾಕೇಜ್ ತಾನೇ ಗೊತ್ತುಮಾಡಿದ ಹಳೆಯ ಸೆಟಪ್‌ಟೂಲ್ಸನ್ನು ಅದರೊಳಗೆ ತರುವುದರಿಂದ, ನೀವು ಹೊರಗೆ ಹಾಕಿದ ಹೊಸದು ಅದರ ಕಣ್ಣಿಗೇ ಬೀಳುವುದಿಲ್ಲ. ಆ ಹಳೆಯ ಸೆಟಪ್‌ಟೂಲ್ಸ್ ಹುಡುಕುವ, ಆದರೆ 3.12ರಲ್ಲಿ ಇಲ್ಲದ 'ಇಂಪ್‌ಇಂಪೋರ್ಟರ್' (ImpImporter) ಬಗ್ಗೆ ದೂರು ಕಂಡರೆ ಸಾಮಾನ್ಯವಾಗಿ ಕಾರಣ ಇದೇ.

ಇಲ್ಲಿ ದಾರಿ ಎರಡು. ಪ್ಯಾಕೇಜಿನ ಹೊಸ ಆವೃತ್ತಿ ನಿಮ್ಮ ಪೈಥಾನಿಗೆ ವ್ಹೀಲ್ ಕೊಡುತ್ತಿದ್ದರೆ, ಪ್ರಾಜೆಕ್ಟಿಗೆ ಬೇಕಾದ ಪ್ಯಾಕೇಜುಗಳ ಪಟ್ಟಿಯಿರುವ ರಿಕ್ವೈರ್‌ಮೆಂಟ್ಸ್ ಕಡತದಲ್ಲಿ ಆವೃತ್ತಿಯ ಸಂಖ್ಯೆಯನ್ನು ತಿದ್ದಿರಿ. 3.12ಕ್ಕೆ ನಂಪೈ 1.26 ಅಥವಾ ಮೇಲಿನದು ಬೇಕು. ಸಂಖ್ಯೆ ಬದಲಾದರೆ ಪ್ರಾಜೆಕ್ಟ್ ಕೆಡುವುದಾದರೆ, 3.11ನ್ನು ಪಕ್ಕದಲ್ಲೇ ಇನ್‌ಸ್ಟಾಲ್ ಮಾಡಿ ಅದರಿಂದಲೇ ವರ್ಚುವಲ್ ಎನ್ವಿರಾನ್ಮೆಂಟ್ ರಚಿಸಿ. ಸಲ್ಲಿಕೆಯ ದಿನ ಹತ್ತಿರವಿದ್ದರೆ ನನ್ನ ಮತ ಎರಡನೆಯದಕ್ಕೇ, ಏಕೆಂದರೆ 3.11ಕ್ಕೆ 2027ರ ಅಕ್ಟೋಬರ್‌ವರೆಗೆ ಸುರಕ್ಷತಾ ತಿದ್ದುಪಡಿಗಳು ಬರಲಿವೆ.

ದೋಷಸಂದೇಶ 'ಪೈಥಾನ್ ಡಾಟ್ ಎಚ್' (Python.h, ಸಿ ಭಾಗಗಳನ್ನು ಬಿಲ್ಡ್ ಮಾಡಲು ಬೇಕಾದ ಕಡತ) ಸಿಗಲಿಲ್ಲ ಎಂದರೆ ವಿಷಯವೇ ಬೇರೆ: ಉಬುಂಟುವಿನಲ್ಲಿ ಆ ಪೈಥಾನ್ ಆವೃತ್ತಿಯ 'ಡೆವ್' ಪ್ಯಾಕೇಜನ್ನು ಹಾಕಿಕೊಂಡರಾಯಿತು. ವಿಂಡೋಸ್‌ನಲ್ಲಿ ಕಂಪೈಲರ್ ಇಲ್ಲವೆಂಬ ದೂರಿಗೆ ಮೈಕ್ರೋಸಾಫ್ಟ್‌ನ ಸಿ ಪ್ಲಸ್ ಪ್ಲಸ್ ಬಿಲ್ಡ್ ಟೂಲ್ಸ್ ಬೇಕು, ಆದರೆ ಆ ಭಾರಿ ಡೌನ್‌ಲೋಡಿಗೆ ಕೈಹಾಕುವ ಮೊದಲು ವ್ಹೀಲ್ ಇರುವ ಆವೃತ್ತಿ ಇದೆಯೇ ಎಂದು ಇನ್ನೊಮ್ಮೆ ಹುಡುಕುವುದು ಲೇಸು.

ಇಷ್ಟೆಲ್ಲದರ ನಡುವೆ ಉಬುಂಟುವಿನ ಜೊತೆಗೇ ಬಂದ ಪೈಥಾನನ್ನು ಮಾತ್ರ ತೆಗೆದುಹಾಕಲು ಹೋಗಬೇಡಿ. ಆಪರೇಟಿಂಗ್ ಸಿಸ್ಟಮ್‌ನ ಹಲವು ಸಾಧನಗಳು ಅದರ ಮೇಲೆಯೇ ನಡೆಯುತ್ತವೆ.