ಹಳಿಯ ಅಗಲ ಒಂದೇ, ಆದರೂ ಗಾಡಿ ಓಡಲಿಲ್ಲ

ನಮ್ಮೂರು ಹುಬ್ಬಳ್ಳಿ. ಚಿಕ್ಕವನಿದ್ದಾಗ ಪುಣೆಯ ಅತ್ತೆ ಮನೆಗೆ ಹೊರಟರೆ ಮಿರಜ್‌ನಲ್ಲಿ ಇಳಿಯಲೇಬೇಕಿತ್ತು. ಅಲ್ಲಿವರೆಗೆ ಮೀಟರ್ ಗೇಜ್, ಮುಂದೆ ಬ್ರಾಡ್ ಗೇಜ್. ಟ್ರಂಕು, ಬುತ್ತಿ ಗಂಟು ಹೊತ್ತು ಪ್ಲಾಟ್‌ಫಾರ್ಮ್ ಬದಲಿಸುವಾಗ ಅಪ್ಪ ಹೇಳುತ್ತಿದ್ದರು: "ಹಳಿ ಅಗಲ ಬ್ಯಾರೆ ಐತಿ, ನಮ್ಮ ಗಾಡಿ ಮುಂದ ಹೋಗಂಗಿಲ್ಲ." ಅಗಲ ಒಂದೇ ಇದ್ದರೆ ಗಾಡಿ ಹೋಗಿಯೇ ಹೋಗುತ್ತದೆ ಅಂತ ನಾನು ನಂಬಿದ್ದು ಆಗಲೇ. ಅದು ಅಷ್ಟು ಸಲೀಸಲ್ಲ ಅಂತ ಗೊತ್ತಾಗಿದ್ದು ನಲವತ್ತು ವರ್ಷ ಕಳೆದ ಮೇಲೆ, ಇಂಗ್ಲೆಂಡಿನ ಡರ್ಬಿಯಲ್ಲಿ, ನಮ್ಮ ಊಟದ ಮೇಜಿನ ಮೇಲೆ.

ಪಕ್ಕದ ಮನೆಯ ಅಜ್ಜಿ ಒಂದು ರಟ್ಟಿನ ಪೆಟ್ಟಿಗೆ ತಂದುಕೊಟ್ಟರು. ತೀರಿಹೋದ ಅವರ ಯಜಮಾನರದು. ಒಳಗೆ ಹಳೇ ಆಟಿಕೆ ರೈಲು: ಟ್ರೈ-ಆಂಗ್ ಕಂಪನಿಯ ಕಪ್ಪು ಜಿಂಟಿ (ಪುಟ್ಟ ಉಗಿಬಂಡಿಯ ಮಾದರಿ) ಇಂಜಿನ್, ಎರಡು ಬೋಗಿ, ನಾಲ್ಕು ಗೂಡ್ಸ್ ವ್ಯಾಗನ್, ಅದೇ ಕಂಪನಿಯ ಸೂಪರ್ 4 ಅನ್ನುವ ಹಳಿ ಒಂದು ಕಟ್ಟು. ಅಡಿಯಲ್ಲಿ ಹಳೇ ಪತ್ರಿಕೆಯಲ್ಲಿ ಸುತ್ತಿಟ್ಟ ಭಾರದ ಇಂಜಿನ್ ಒಂದು, ಹಾರ್ನ್‌ಬಿ ಡಬ್ಲೋ ಅನ್ನುವ ಇನ್ನೊಂದು ಹೆಸರಿನದು. "ಇದು ಓಡೋದನ್ನ ಒಂದ್ಸಲ ನೋಡಬೇಕು" ಅಂದರು ಅಜ್ಜಿ. ಆಗಲಿ ಅಂತ ಮಾತು ಕೊಟ್ಟೆ.

ನನ್ನ ಹತ್ತಿರ ಇದ್ದದ್ದು ಪೀಕೋ ಕಂಪನಿಯ ಕೋಡ್ 75 ಹಳಿ, ನಾಲ್ಕು ಪಾಯಿಂಟ್ (ಹಳಿ ಕವಲೊಡೆಯುವ ಜಾಗ). ಎಲ್ಲವೂ ಓಓ ಗೇಜ್ ಅನ್ನುವ ಬ್ರಿಟಿಷ್ ಮಾಡೆಲ್ ಅಳತೆಯವು, ಹಳಿಯ ಅಗಲ 16.5 ಮಿ.ಮೀ. ಪೆಟ್ಟಿಗೆಯ ಹಳಿಯೂ ಅಷ್ಟೇ. ಎರಡೂ ಓಡುವುದು 12 ವೋಲ್ಟ್ ಡಿ.ಸಿ.ಯಲ್ಲೇ. ಸುಮ್ನೆ ಇಟ್ಟು ಓಡಿಸಿದರಾಯ್ತು ಅಂದುಕೊಂಡೆ. ಜಿಂಟಿ ಹೊರಟ ತಕ್ಷಣ ಟಕಟಕ ಸದ್ದು. ಮೊದಲ ಪಾಯಿಂಟ್‌ಗೆ ಬಂದಾಗ ಮುಂದಿನ ಗಾಲಿ ಮೇಲೆ ಹತ್ತಿ ಪಕ್ಕಕ್ಕೆ ಬಿತ್ತು. ಮೂರು ಸಲ ಓಡಿಸಿದೆ, ಮೂರು ಸಲವೂ ಅದೇ ಜಾಗದಲ್ಲಿ.

ಕಣ್ಣನ್ನು ಹಳಿಯ ಮಟ್ಟಕ್ಕೆ ಇಳಿಸಿ, ಟಾರ್ಚ್ ಹಿಡಿದು, ಕೈಯಿಂದ ಮೆಲ್ಲಗೆ ತಳ್ಳಿ ನೋಡಿದೆ. ಗಾಲಿಯ ಒಳಬದಿಗೆ ಕೆಳಗಿಳಿದ ಅಂಚು ಇರುತ್ತಲ್ಲ, ಫ್ಲಾಂಜ್, ಅದು ಹಳೇ ಗಾಲಿಯಲ್ಲಿ ಬಹಳ ಆಳ. ಕೋಡ್ 75 ಅಂದರೆ ಹಳಿಯ ಎತ್ತರ ಇಂಚಿನ ಸಾವಿರದಲ್ಲಿ 75 ಭಾಗ, ಸುಮಾರು 1.9 ಮಿ.ಮೀ. ಸ್ಲೀಪರ್ ಮೇಲೆ ಹಳಿಯನ್ನು ಹಿಡಿದಿರುವ ಪುಟ್ಟ ಪ್ಲಾಸ್ಟಿಕ್ ಗುಬುಟುಗಳಿಗೆ ಆ ಅಂಚು ಒಂದೊಂದಾಗಿ ಬಡಿಯುತ್ತಿತ್ತು. ಟಕಟಕ ಸದ್ದು ಅಲ್ಲಿಂದ.

ಪಾಯಿಂಟ್‌ನಲ್ಲಿ ಬಿದ್ದದ್ದಕ್ಕೆ ಕಾರಣ ಬೇರೆ. ಕ್ಯಾಲಿಪರ್ ತಂದು ಒಂದೇ ಅಚ್ಚಿನ ಎರಡು ಗಾಲಿಗಳ ಬೆನ್ನಿಂದ ಬೆನ್ನಿಗೆ ಅಳೆದೆ. ನನ್ನ ಹೊಸ ಇಂಜಿನ್‌ನಲ್ಲಿ 14.5 ಮಿ.ಮೀ. ಜಿಂಟಿಯಲ್ಲಿ 14ಕ್ಕಿಂತ ಕಮ್ಮಿ. ಪಾಯಿಂಟ್‌ನಲ್ಲಿ ಗಾಲಿ ದಾರಿ ತಪ್ಪದಂತೆ ಮುಖ್ಯ ಹಳಿಯ ಪಕ್ಕ ಸಂದಿ ಬಿಟ್ಟು ಒಂದು ತುಂಡು ಹಳಿ ಇರುತ್ತದೆ, ಚೆಕ್ ರೈಲ್. ಗಾಲಿಯ ಬೆನ್ನು ಅದನ್ನು ಸವರಿಕೊಂಡು ಹೋಗಬೇಕು. ಎರಡು ಗಾಲಿ ಹತ್ತಿರ ಹತ್ತಿರ ಇದ್ದರೆ ಆ ಸಂದಿಗೆ ಇಳಿಯೋದೇ ಇಲ್ಲ, ಚೆಕ್ ರೈಲ್ ಮೇಲೆ ಹತ್ತಿಬಿಡುತ್ತದೆ. ಅರ್ಧ ಮಿಲಿಮೀಟರ್ ಮಾತು ಅಷ್ಟೇ.

ತಿರುವುಮುರುವು ಮಾಡಿಯೂ ನೋಡಿದೆ. ಸೂಪರ್ 4 ಪಾಯಿಂಟ್ ಮೇಲೆ ನನ್ನ ಹೊಸ ಇಂಜಿನ್ ಬಿಟ್ಟೆ. ದಪ್ಪ ಗಾಲಿಗೆ ಅಂತ ಮಾಡಿದ ಅಗಲ ಸಂದಿ ಅದು. ಸಪೂರ ಗಾಲಿ ಆ ಸಂದಿಯೊಳಗೆ ದುಡುಕ್ ಅಂತ ಇಳಿದು ನಿಂತಿತು.

ಇಲ್ಲಿ ಒಂದು ಮಾತು ಹೇಳಬೇಕು. 16.5 ಎಂಬ ಅಳತೆ ಬ್ರಿಟಿಷ್ ಮಾಡೆಲ್‌ಗೆ ಹೊಂದುವುದೇ ಇಲ್ಲ. ಅದು 1:87ರ, ಅಂದರೆ ನಿಜದ ಗಾಡಿಗಿಂತ 87 ಪಟ್ಟು ಚಿಕ್ಕದಾದ, ಎಚ್‌ಓ ಮಾಡೆಲ್‌ನ ಹಳಿ. ಇಲ್ಲಿನ ಇಂಜಿನ್‌ಗಳು ಚಿಕ್ಕವು, ಆ ಕಾಲದ ಮೋಟಾರ್ ಒಳಗೆ ಹಿಡಿಸುತ್ತಿರಲಿಲ್ಲ. ಅದಕ್ಕೆ ಬಾಡಿಯನ್ನು 1:76.2ಕ್ಕೆ ದೊಡ್ಡದು ಮಾಡಿ ಹಳಿಯನ್ನು ಹಾಗೇ ಬಿಟ್ಟರು. ಲೆಕ್ಕದ ಪ್ರಕಾರ ಇಲ್ಲಿನ 1435 ಮಿ.ಮೀ. ಹಳಿಗೆ 18.83 ಮಿ.ಮೀ. ಬೇಕು. ನಮ್ಮ ಬ್ರಾಡ್ ಗೇಜ್‌ನ 1676ಕ್ಕಾದರೆ ಸರಿಯಾಗಿ 22. ಈ ಲೆಕ್ಕ ಹಾಕಿದ ದಿನ ತುಂಬಾ ಖುಷಿಯಾಯಿತು, ಮಿರಜ್ ಸ್ಟೇಷನ್ ಕಣ್ಣ ಮುಂದೆ ಬಂತು.

ಸರಿ, ರಿಪೇರಿಗೆ ಬರೋಣ. ವ್ಯಾಗನ್‌ಗಳದ್ದು ಸುಲಭವಾಯಿತು. ಪ್ಲಾಸ್ಟಿಕ್ ಗಾಲಿ, ಉಕ್ಕಿನ ಅಚ್ಚು. ಗಾಲಿಯನ್ನು ಹಿಡಿದು ಸ್ವಲ್ಪ ತಿರುಚುತ್ತಾ ಹೊರಕ್ಕೆಳೆದರೆ ಸರಿಯುತ್ತದೆ. ಕಾಲು ಮಿಲಿಮೀಟರ್ ಎಳೆಯೋದು, ಅಳೆಯೋದು. ಎರಡೂ ಕಡೆ ಸಮ ಎಳೀಬೇಕು, ಒಂದೇ ಕಡೆ ಎಳೆದರೆ ವ್ಯಾಗನ್ ಪಕ್ಕಕ್ಕೆ ವಾಲುತ್ತದೆ. ಬೋಗಿಗಳಿಗೆ ಹೊಸ ಲೋಹದ ಗಾಲಿಗಳನ್ನೇ ಹಾಕಿದೆ. ಹೊಸ ಅಚ್ಚಿನ ತುದಿ ಸೂಜಿಯಂತೆ ಚೂಪು, ಹಳೇ ತೂತಿನಲ್ಲಿ ಅಲ್ಲಾಡುತ್ತಿತ್ತು. ತೂತಿಗೆ ಪುಟ್ಟ ಹಿತ್ತಾಳೆ ಬೇರಿಂಗ್ ಕೂರಿಸಿದ ಮೇಲೆ ಬೆರಳಲ್ಲಿ ನೂಕಿದರೆ ಮೇಜಿನ ಈ ತುದಿಯಿಂದ ಆ ತುದಿಗೆ ಹೋಯಿತು.

ಜಿಂಟಿಯ ಗಾಲಿಯನ್ನು ಮಾತ್ರ ನಾನು ಮುಟ್ಟಲಿಲ್ಲ. ಅದರ ಮೂರು ಅಚ್ಚುಗಳ ಗಾಲಿಗಳನ್ನು ರಾಡ್‌ಗಳು ಒಂದಕ್ಕೊಂದು ಜೋಡಿಸಿವೆ. ಒಂದು ಗಾಲಿ ಸ್ವಲ್ಪ ತಿರುಗಿದರೂ ಎಡ ಬಲ ರಾಡ್‌ಗಳ ಹೊಂದಾಣಿಕೆ ಹೋಗಿ ಇಂಜಿನ್ ಮುಗ್ಗರಿಸುತ್ತದೆ. ಫ್ಲಾಂಜ್ ಆಳವಂತೂ ಎಳೆದರೆ ಕಮ್ಮಿಯಾಗುವುದಲ್ಲ. ಲೇತ್‌ಗೆ ಹಾಕಿ ಕೆತ್ತಿಸುವವರು ಇದ್ದಾರೆ. ಆದರೆ ಅಜ್ಜಿ ನೋಡಬೇಕೆಂದದ್ದು ಅವರ ಯಜಮಾನರ ಇಂಜಿನ್ ಅಲ್ವಾ? ಅದನ್ನು ಕೆತ್ತಲು ಮನಸ್ಸು ಬರಲಿಲ್ಲ.

ಅದಕ್ಕೆ ಹಳಿಯನ್ನೇ ಬದಲಿಸಿದೆ. ಹೊರಗಿನ ಸುತ್ತನ್ನು ಕಿತ್ತು ಕೋಡ್ 100 ಹಾಕಿದೆ, ಎತ್ತರ 2.54 ಮಿ.ಮೀ. ಆ ಸುತ್ತಿನಲ್ಲಿ ಒಂದೂ ಪಾಯಿಂಟ್ ಇಲ್ಲ. ಟಕಟಕ ನಿಂತಿತು. ಆದರೆ ಆರು ಡಬ್ಬಿ ಕಟ್ಟಿದರೆ ಗಾಲಿ ಜಾರುತ್ತಿತ್ತು. ಈ ಜಿಂಟಿಯಲ್ಲಿ ಹಳಿಗೆ ಅಂಟಿಕೊಳ್ಳಲು ಆಯಸ್ಕಾಂತ ಇದೆ, ಮ್ಯಾಗ್ನಡೀಶನ್ ಅನ್ನುತ್ತಿದ್ದರು. ಹಳೇ ಉಕ್ಕಿನ ಹಳಿಯಲ್ಲಿ ಅದು ಕೆಲಸ ಮಾಡುತ್ತದೆ. ಈಗಿನ ನಿಕಲ್ ಸಿಲ್ವರ್ ಹಳಿಗೆ ಆಯಸ್ಕಾಂತ ಹಿಡಿಯೋದಿಲ್ಲ. ಎರಡು ಡಬ್ಬಿ ಬಿಚ್ಚಿ ನಾಲ್ಕೇ ಕಟ್ಟಿದೆ, ಎಳೆಯಿತು.

ಡಬ್ಲೋ ಇಂಜಿನ್ ಮೂರು ಹಳಿಯದು. ಕರೆಂಟ್ ಬರುವುದು ನಡುವಿನ ಹಳಿಯಿಂದ, ಎರಡೂ ಬದಿಯ ಗಾಲಿಗಳು ಅಚ್ಚಿನ ಮೂಲಕ ಒಂದಕ್ಕೊಂದು ಕೂಡಿಕೊಂಡಿವೆ. ಎರಡು ಹಳಿಯ ಮೇಲಿಟ್ಟರೆ ನೇರ ಶಾರ್ಟ್ ಸರ್ಕ್ಯೂಟ್. ನಿಮಗೆ ಇಂಥದ್ದು ಸಿಕ್ಕರೆ ದಯವಿಟ್ಟು ಇಟ್ಟು ನೋಡಲೂ ಹೋಗಬೇಡಿ. ಅದಕ್ಕೆ ಅದರದ್ದೇ ತಗಡಿನ ಹಳಿ ಹುಡುಕುತ್ತಿದ್ದೇನೆ.

ಭಾನುವಾರ ಅಜ್ಜಿ ಬಂದರು. ಕುರ್ಚಿಯನ್ನು ಮೇಜಿಗೆ ಹತ್ತಿರ ಎಳೆದುಕೊಟ್ಟೆ. ಜಿಂಟಿ ಎರಡು ಬೋಗಿ, ಎರಡು ವ್ಯಾಗನ್ ಕಟ್ಟಿಕೊಂಡು ಹನ್ನೊಂದು ಸುತ್ತು ಹಾಕಿತು. ಅಜ್ಜಿ ಎಣಿಸುತ್ತಿದ್ದರು.