ಕೆಟ್ಟ ಕನಸಿಗೆ ಬಿಪಿ ಮಾತ್ರೆ: ಟ್ರಯಲ್ ಒಂದ್ರಲ್ಲಿ ನನ್ನ ಅನುಭವ

ನಾನು ಅಮೆರಿಕದಲ್ಲಿ ಮಾಜಿ ಸೈನಿಕರ ಸರ್ಕಾರಿ ಆಸ್ಪತ್ರೇಲಿ ನರ್ಸ್ ಆಗಿದ್ದಾಗ, 2011ರ ಸುಮಾರಿಗೆ, ಪಿಟಿಎಸ್‌ಡಿ (ಯುದ್ಧದಂಥ ಭಯಂಕರ ಆಘಾತ ಆದ್ಮೇಲೆ ಮನಸ್ಸನ್ನ ಕಾಡೋ ಕಾಯಿಲೆ) ಇರೋರ ಮೇಲೆ ಪ್ರಜೋಸಿನ್ ಅನ್ನೋ ಮಾತ್ರೆ ಪರೀಕ್ಷೆ ಮಾಡೋ ಟ್ರಯಲ್‌ಗೆ ನನ್ನನ್ನ ಕೋಆರ್ಡಿನೇಟರ್ ಅಂತ ಹಾಕಿದ್ರು. ಪ್ರಜೋಸಿನ್ ಹೊಸ ಔಷಧಿ ಏನಲ್ಲ, ಹಳೇ ಬಿಪಿ ಮಾತ್ರೆ. ಮೆದುಳಲ್ಲಿ ನಾರ್‌ಅಡ್ರಿನಲಿನ್ ಅನ್ನೋ, ಮೈಮನಸ್ಸನ್ನ ಎಚ್ಚರದಲ್ಲಿಡೋ ರಾಸಾಯನಿಕದ ಆರ್ಭಟಾನ ಸ್ವಲ್ಪ ತಗ್ಗಿಸತ್ತೆ, ಹಾಗಾಗಿ ಯುದ್ಧದ ಕನಸು ಬಿದ್ದು ಬೆವೆತು ಕಿರುಚ್ಕೊಂಡು ಏಳೋದು ಕಮ್ಮಿ ಆಗಬಹುದು ಅಂತ ಲೆಕ್ಕಾಚಾರ. ಪೇಟೆಂಟ್ ಯಾವತ್ತೋ ಮುಗಿದಿರೋ ಅಗ್ಗದ ಮಾತ್ರೆಗೆ ಯಾವ ಕಂಪನಿ ದುಡ್ಡು ಹಾಕತ್ತೆ ಹೇಳಿ, ಅದಕ್ಕೇ ಸರ್ಕಾರವೇ 13 ಆಸ್ಪತ್ರೆಗಳಲ್ಲಿ ಮಾಡಿಸ್ತು. ಒಟ್ಟು 304 ಜನ, ಅರ್ಧ ಜನಕ್ಕೆ ಅಸಲಿ ಕ್ಯಾಪ್ಸೂಲ್, ಇನ್ನರ್ಧ ಜನಕ್ಕೆ ಏನೂ ಇಲ್ಲದ ಕ್ಯಾಪ್ಸೂಲ್, 26 ವಾರ. ಯಾರಿಗೆ ಯಾವುದು ಅಂತ ಅವ್ರಿಗೂ ಗೊತ್ತಿಲ್ಲ ನಮಗೂ ಗೊತ್ತಿಲ್ಲ.

ಜನ ಸಿಗೋದೇ ದೊಡ್ಡ ತಲೆನೋವಾಗಿತ್ತು. ವಿಯೆಟ್ನಾಂ ಯುದ್ಧದವ್ರು ಬರ್ತಿದ್ರು, ನೋಡಿದ್ರೆ ಪ್ರಾಸ್ಟೇಟ್‌ಗೆ ಅಂತ ಇದೇ ಜಾತಿ ಮಾತ್ರೆ ಆಗ್ಲೇ ನುಂಗ್ತಿರೋರು, ಅವ್ರನ್ನ ತಗೊಳ್ಳೋ ಹಾಗಿಲ್ಲ. ಇನ್ನು ಕೆಲವರಿಗೆ ಪೆನ್ಷನ್ ಭಯ. ಅಲ್ಲಿ ಪಿಟಿಎಸ್‌ಡಿಗೆ ಇಷ್ಟು ಪರ್ಸೆಂಟ್ ಅಂತ ಅಂಗವೈಕಲ್ಯ ಕಟ್ಟಿ ಅದರ ಮೇಲೆ ತಿಂಗಳ ಹಣ ಕೊಡ್ತಾರೆ, ಎಪ್ಪತ್ತು ಪರ್ಸೆಂಟ್ ಇರೋನು ನಿಮ್ಮ ಹತ್ರ ಬಂದು ಹುಷಾರಾದೆ ಅಂದ್ರೆ ನನ್ನ ದುಡ್ಡು ಕಟ್ ಮಾಡಲ್ವಾ ಅಂತ ಕೇಳೋನು. ಸ್ಟಡಿ ಪೇಪರ್ ಅಲ್ಲಿಗೆ ಹೋಗಲ್ಲ ಸರ್ ಅಂತ ಎಷ್ಟು ಸಲ ಹೇಳಿದೀನೋ ಲೆಕ್ಕ ಇಲ್ಲ. ಆದ್ರೆ ಎಲ್ಲಕ್ಕಿಂತ ಹೊಟ್ಟೆ ಉರಿಸಿದ್ದು ನಮ್ಮದೇ ಡಾಕ್ಟರ್‌ಗಳು. ಪ್ರಜೋಸಿನ್ ಕೆಲಸ ಮಾಡತ್ತೆ ಅಂತ ನಂಬಿಕೆ ಇದ್ದೋರು ತೀರಾ ಒದ್ದಾಡ್ತಿರೋ ಪೇಷಂಟ್‌ನ ನಮ್ಮ ಹತ್ರ ಯಾಕೆ ಕಳಿಸ್ತಾರೆ, ಸುಮ್ನೆ ಖಾಲಿ ಕ್ಯಾಪ್ಸೂಲ್ ಬಂದ್ರೆ ಏನ್ ಗತಿ ಅಂತ ತಾವೇ ಬರ್ಕೊಟ್ಟು ಕಳಿಸೋರು. ತಪ್ಪು ಅನ್ನಕ್ಕಾಗಲ್ಲ, ನಾನಾಗಿದ್ರೂ ಅದನ್ನೇ ಮಾಡ್ತಿದ್ದೆ. ಹೀಗೆ ಸೋಸಿ ಸೋಸಿ ನಮಗೆ ಉಳಿದೋರು ಅಂದ್ರೆ ಒಂದು ಮಟ್ಟಕ್ಕೆ ನಿಂತಿರೋರು, ಮನೆ ಇದೆ, ಹೆಂಡ್ತಿ ಇದಾಳೆ, ಹೇಳಿದ ಟೈಮ್‌ಗೆ ಬರ್ತಾರೆ.

ಮಾತ್ರೆ ಕೊಡೋ ಕ್ರಮ ಸುಲಭ, ಕಾಯೋದು ಕಷ್ಟ. ಮೊದಲ ಡೋಸ್ 1 ಮಿಲಿಗ್ರಾಂ, ಮಲಗೋ ಮುಂಚೆ, ಯಾಕಂದ್ರೆ ಮೊದಲ ಸಲ ತಗೊಂಡಾಗ ಎದ್ದು ನಿಂತ್ರೆ ಬಿಪಿ ಧಡಾರ್ ಅಂತ ಇಳಿದು ತಲೆ ತಿರುಗಿ ಬೀಳಬಹುದು. ಆಮೇಲೆ ಐದು ವಾರದಲ್ಲಿ ಮೆಲ್ಲಗೆ ಏರಿಸ್ಕೊಂಡು ಹೋಗೋದು, ಗಂಡಸರಿಗೆ ದಿನಕ್ಕೆ 20ರ ತನಕ. ಬಂದಾಗೆಲ್ಲ ಮಲಗಿಸಿ ಒಂದು ಬಿಪಿ, ನಿಲ್ಲಿಸಿ ಒಂದು ಬಿಪಿ. ಕನಸಿಗೆ ಮಾರ್ಕ್ಸ್ ಹಾಕೋಕೆ ಬೇರೆಯವರು, ರೇಟರ್ ಅಂತ, ಅವ್ರಿಗೆ ಸೈಡ್ ಎಫೆಕ್ಟ್ ವಿಷಯ ಕಿವಿಗೂ ಬೀಳಬಾರದು, ಬಿದ್ರೆ ಯಾರಿಗೆ ಅಸಲಿ ಮಾತ್ರೆ ಅಂತ ಊಹಿಸ್ಬಿಡ್ತಾರೆ. ಒಂದು ಸಲ ಕಾರಿಡಾರಲ್ಲಿ ಒಬ್ಬ ಪೇಷಂಟ್, ರೇಟರ್ ಎದುರಿಗೇ ನನಗೆ "ಸಿಸ್ಟರ್, ಎದ್ದು ನಿಂತ್ರೆ ಲೋಕವೇ ತಿರುಗತ್ತೆ" ಅಂದ್ಬಿಟ್ರು. ಅಲ್ಲಿಗೆ ಮುಗೀತು. ಆ ಪೇಷಂಟ್‌ಗೆ ಬೇರೆ ರೇಟರ್ ಹುಡುಕಿದ್ದಾಯ್ತು. ತಪ್ಪು ನನ್ನದೇ, ಇಬ್ಬರನ್ನೂ ಒಂದೇ ಬಾಗಿಲಲ್ಲಿ ಬಿಟ್ಟಿದ್ದೆ.

ಆ ಮಾರ್ಕ್ಸ್ ಬಗ್ಗೆ ಒಂದು ಮಾತು. ಪಿಟಿಎಸ್‌ಡಿ ಎಷ್ಟಿದೆ ಅಂತ ಅಳೆಯೋ ಕ್ಯಾಪ್ಸ್ ಅನ್ನೋ ಸಂದರ್ಶನದಲ್ಲಿ ಕೆಟ್ಟ ಕನಸಿಗೆ ಎಷ್ಟು ಸಲ ಅನ್ನೋದಕ್ಕೆ 0 ಇಂದ 4, ಎಷ್ಟು ಜೋರು ಅನ್ನೋದಕ್ಕೆ 0 ಇಂದ 4, ಸೇರಿಸಿದ್ರೆ 8. ಕೇಳೋಕೆ ಚೆನ್ನಾಗಿದೆ. ಒಬ್ಬರು ಕನಸೇ ಬೀಳಲ್ಲ ಅಂತಿದ್ರು, ಹೊರಗೆ ಕೂತಿದ್ದ ಅವ್ರ ಹೆಂಡ್ತಿ ನನಗೆ ಮೊಣಕೈ ಮೇಲಿದ್ದ ನೀಲಿ ಗುರುತು ತೋರಿಸಿ, ನಾನು ಈಗ ಪಕ್ಕದ ರೂಮಲ್ಲಿ ಮಲಗ್ತೀನಿ ಅಂದ್ರು. ಬೆಳಗ್ಗೆ ನೆನಪಿಲ್ಲದ ಕನಸಿಗೆ ಮಾರ್ಕ್ಸ್ ಇಲ್ಲ.

ನನಗೆ ಇವತ್ತಿಗೂ ಮರೆಯಕ್ಕಾಗದೆ ಇರೋದು ಒಂದು ಡಬ್ಬಿ. ಪ್ರತೀ ವಿಸಿಟ್‌ಗೆ ಡಬ್ಬಿ ವಾಪಸ್ ತರಬೇಕು, ನಾನು ಟ್ರೇ ಮೇಲೆ ಸುರಿದು ಐದೈದಾಗಿ ಎಣಿಸ್ತೀನಿ. ಅರವತ್ತು ದಾಟಿದ ಒಬ್ಬರು, ಯಾವತ್ತೂ ಒಂದು ನಿಮಿಷ ಲೇಟ್ ಬಂದೋರಲ್ಲ, ಅವ್ರ ಡಬ್ಬೀಲಿ ಯಾವಾಗ್ಲೂ ಮೂರೋ ನಾಲ್ಕೋ ರಾತ್ರಿಯ ಕ್ಯಾಪ್ಸೂಲ್ ಜಾಸ್ತಿ ಉಳಿದಿರೋದು. ಮರೆತ್ರಾ ಸರ್ ಅಂದ್ರೆ ಹೂಂ ಅನ್ನೋರು. ಮೂರನೇ ಸಲ ನಾನು ಎಣಿಸೋದು ನಿಲ್ಲಿಸಿ ಸುಮ್ನೆ ಕೂತೆ. ಆಗ ಹೇಳಿದ್ರು, ಶುಕ್ರವಾರ ಶನಿವಾರ ಮೊಮ್ಮಗ ಬಂದು ಮಲಗ್ತಾನೆ, ಆವತ್ತು ತಗೊಳ್ಳಲ್ಲ, ತಗೊಂಡ್ರೆ ಗಾಢ ನಿದ್ದೆ ಬಂದ್ಬಿಡತ್ತೆ, ಕಾವಲು ಯಾರು ಕಾಯ್ತಾರೆ?

ನಿದ್ದೆ ಬರಿಸೋಕೆ ನಾವು ಇಷ್ಟೆಲ್ಲ ಒದ್ದಾಡ್ತಿದ್ರೆ ಈ ಮನುಷ್ಯ ನಿದ್ದೆಗೇ ಹೆದರ್ತಿದಾನೆ. ನನ್ನ ಫಾರ್ಮಲ್ಲಿ ಇದ್ದಿದ್ದು ಬರೀ "ಡೋಸ್ ತಪ್ಪಿದೆ" ಅನ್ನೋ ಒಂದು ಚೌಕ, ಟಿಕ್ ಹಾಕಿದೆ.

ರಿಸಲ್ಟ್ ಬಂದಿದ್ದು 2018ರ ಫೆಬ್ರವರೀಲಿ. ಪ್ರಜೋಸಿನ್‌ಗೂ ಖಾಲಿ ಕ್ಯಾಪ್ಸೂಲ್‌ಗೂ ವ್ಯತ್ಯಾಸ ಇಲ್ಲ. 2013ರಲ್ಲಿ 67 ಸೈನಿಕರ ಮೇಲೆ ಮಾಡಿದ್ದ ಚಿಕ್ಕ ಟ್ರಯಲ್‌ನಲ್ಲಿ ಚೆನ್ನಾಗಿ ಕೆಲಸ ಮಾಡಿತ್ತು, ಇಲ್ಲಿ ಮಾಡ್ಲಿಲ್ಲ. ಮಾತ್ರೆ ವೇಸ್ಟ್ ಅಂತ ತಕ್ಷಣ ಹೇಳಿದೋರು ಬಹಳ ಜನ. ನನಗೆ ಹಾಗನ್ನಿಸಲ್ಲ, ಹೆಚ್ಚು ಒದ್ದಾಡ್ತಿದ್ದೋರು ನಮ್ಮ ಬಾಗಿಲಿಗೇ ಬರ್ಲಿಲ್ಲ ಅನ್ನೋದನ್ನ ಕಣ್ಣಾರೆ ನೋಡಿದೀನಿ, ಪೇಪರ್ ಬರೆದೋರೂ ಸ್ಥಿರವಾಗಿದ್ದವರೇ ಹೆಚ್ಚು ಸೇರ್ಕೊಂಡಿರಬಹುದು ಅಂತ ಒಪ್ಕೊಂಡ್ರು. ಹಾಗಂತ ಮಾತ್ರೆ ಗೆದ್ದಿದೆ ಅಂತಲೂ ಹೇಳೋ ಹಾಗಿಲ್ಲ, ಫಲಿತಾಂಶ ಫಲಿತಾಂಶವೇ.

ಈಗ ಬೇರೆ ಸ್ಟಡೀಲಿದೀನಿ. ಡಬ್ಬಿ ಸುರಿದು ಎಣಿಸೋಕೆ ಮುಂಚೆ ಈ ವಾರ ಮನೇಲಿ ಯಾರ್ಯಾರು ಮಲಗಿದ್ರು ಸರ್ ಅಂತ ಒಂದು ಮಾತು ಕೇಳ್ತೀನಿ. ಅದಕ್ಕೆ ಫಾರ್ಮಲ್ಲಿ ಕಾಲಂ ಇಲ್ಲ, ಕೆಳಗೆ ನೋಟ್ಸ್ ಅಂತ ಎರಡು ಗೆರೆ ಜಾಗ ಇದೆಯಲ್ಲ, ಅಲ್ಲಿ ಬರೀತೀನಿ.